ಪಿಕಪ್ ಬಿಟ್ಟು ಎಸ್‌ಯುವಿ: ತೋಟದ ಮನೆಗೆ ಯಾವುದು ಸರಿ?

"ಪಿಕಪ್ ಕೊಟ್ಟು ಮಿಡ್‌ಸೈಜ್ ಎಸ್‌ಯುವಿ ತಗೊಳ್ಳೋಣ ಅಂತಿದ್ದೀವಿ, ಯಾವುದು ತಗೊಳ್ಳಲಿ?" ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯವರು ಈಗ ಹೀಗೆ ಕೇಳುವುದು ಜಾಸ್ತಿಯಾಗಿದೆ. ಕೇಳುವವರ ಅಂಗಳದಲ್ಲಿ ನಿಂತಿರುವುದು ಹೆಚ್ಚಾಗಿ ಇಸುಜು ವಿ-ಕ್ರಾಸ್. ಕೆಲವರ ಹತ್ತಿರ ಹೈಲಕ್ಸ್, ಹಳಬರ ಹತ್ತಿರ ಟಾಟಾ ಜೆನಾನ್ ಅಥವಾ ಸ್ಕಾರ್ಪಿಯೋ ಗೆಟ್‌ಅವೇ. ವಿ-ಕ್ರಾಸ್ 2016ರಲ್ಲಿ ಬಂದಾಗ ಕಾಫಿ ತೋಟದವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಐದು ಜನ ಕೂರಬಹುದು, ಹಿಂದೆ ಗೊಬ್ಬರ ಹಾಕಬಹುದು, ಕೆಸರಿಗೆ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ) ಇದೆ, ಮೇಲಾಗಿ ಸ್ವಂತ ಬಳಕೆಯ ಬಿಳಿ ಬೋರ್ಡ್. ಆಗ ಕೊಂಡವರ ಮಕ್ಕಳು ಈಗ ಕಾಲು ಚಾಚಿ ಕೂರುವಷ್ಟು ದೊಡ್ಡವರಾಗಿದ್ದಾರೆ. ಅಪ್ಪ ಅಮ್ಮನಿಗೆ ಮಂಡಿ ನೋವು. ಬೆಂಗಳೂರು, ಮಂಗಳೂರು ಓಡಾಟ ಇದ್ದೇ ಇದೆ. ಖಾಲಿ ಪಿಕಪ್‌ನಲ್ಲಿ ಶಿರಾಡಿ ಇಳಿದರೆ ಹಿಂದೆ ಕೂತವರ ಹೊಟ್ಟೆ ತೊಳಸುತ್ತದೆ.

ನಾನು ಹೇಳುವ ಮೊದಲ ಮಾತು ಕೆಲವರಿಗೆ ಬೇಜಾರು ತರುತ್ತದೆ. ಪಿಕಪ್‌ನ ಹಿಂಬದಿ ಮಾಡುವ ಕೆಲಸವನ್ನು ಯಾವ ಎಸ್‌ಯುವಿಯೂ ಮಾಡುವುದಿಲ್ಲ. ಎಷ್ಟೇ ದೊಡ್ಡ ಡಿಕ್ಕಿ ಇರಲಿ, ಸೀಟು ಎಷ್ಟೇ ಮಡಚಿಕೊಳ್ಳಲಿ, ಆಗುವುದಿಲ್ಲ. ಹಾಗಾಗಿ ಗಾಡಿಗಳ ಪಟ್ಟಿ ತೆಗೆಯುವ ಮೊದಲು ಒಂದು ವಿಷಯ ತೀರ್ಮಾನ ಆಗಬೇಕು: ಆ ಲೋಡು ಇನ್ನು ಮುಂದೆ ಯಾವುದರಲ್ಲಿ ಹೋಗುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಉಳಿದ ಆಯ್ಕೆ ಸುಲಭ. ಸಿಗದಿದ್ದರೆ ಪಿಕಪ್ ಮಾರಬೇಡಿ.

ಮೊದಲು ಲೋಡಿನ ಲೆಕ್ಕ

ಒಂದು ವರ್ಷ ನಿಮ್ಮ ಪಿಕಪ್ ಏನೇನು ಹೊತ್ತಿತು ಅಂತ ಕೂತು ಬರೆಯಿರಿ. ಕೊಯ್ಲಿನಲ್ಲಿ ಕಣದಿಂದ ಕ್ಯೂರಿಂಗ್‌ಗೆ (ಕಾಫಿ ಸಿಪ್ಪೆ ಬಿಡಿಸುವ ಕಾರ್ಖಾನೆಗೆ) ಹೋದ ಚೀಲಗಳು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ಹೊತ್ತೊಯ್ದ ಸ್ಪ್ರಿಂಕ್ಲರ್ ಪೈಪು, ಪಂಪ್‌ಸೆಟ್ಟು. ಮಳೆಗಾಲಕ್ಕೆ ಮುಂಚೆ ಗೊಬ್ಬರ. ಗಿಡದ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತ, ಸುಣ್ಣ, ಡ್ರಮ್ಮು. ಮೆಣಸು ಕುಯ್ಯುವಾಗ ಏಣಿ. ನಡುವೆ ಕಳೆ ಹೊಡೆಯುವ ಮೆಷಿನ್ನು, ಡೀಸೆಲ್ ಕ್ಯಾನು, ನಾಲ್ಕು ಚೀಲ ಸಿಮೆಂಟು.

ಬರೆದ ಮೇಲೆ ಅದನ್ನು ಮೂರು ಗುಂಪು ಮಾಡಿ.

ಭಾರದ್ದು ಒಂದು ಗುಂಪು. ಯೂರಿಯಾ ಚೀಲ 45 ಕೆಜಿ, ಉಳಿದ ಹೆಚ್ಚಿನ ಗೊಬ್ಬರದ ಚೀಲ 50 ಕೆಜಿ. ಹತ್ತು ಚೀಲ ಅಂದರೆ ಅರ್ಧ ಟನ್. ನಿಜ ಹೇಳಬೇಕಂದರೆ, ದೊಡ್ಡ ತೋಟದವರು ಈ ಲೋಡನ್ನು ಮೊದಲಿನಿಂದಲೂ ಟ್ರ್ಯಾಕ್ಟರ್ ಟ್ರೈಲರ್‌ನಲ್ಲೋ ಬಾಡಿಗೆ ಬೊಲೆರೊ ಪಿಕಪ್‌ನಲ್ಲೋ ತರಿಸುತ್ತಾರೆ. ವಿ-ಕ್ರಾಸ್ ಹೊರುವುದು ಅವಸರಕ್ಕೆ ಬೇಕಾದ ಐದಾರು ಚೀಲ. ನಿಮ್ಮದೂ ಹಾಗೇ ಆಗಿದ್ದರೆ ಈ ಗುಂಪು ಅಡ್ಡಿಯಲ್ಲ. ಹತ್ತಿರದ ಸಂತೆ ಊರಿನಲ್ಲಿ ಫೋನ್ ಮಾಡಿದರೆ ಬರುವ ಪಿಕಪ್ ಇದೆಯಾ, ಕೊಯ್ಲಿನ ಸಮಯದಲ್ಲಿ ಎಲ್ಲರೂ ಕರೆಯುವಾಗಲೂ ಅದು ಬರುತ್ತದಾ ಅಂತ ಮಾತ್ರ ಖಾತ್ರಿ ಮಾಡಿಕೊಳ್ಳಿ.

ಕೊಳೆ, ವಾಸನೆ, ವಿಷದ್ದು ಎರಡನೇ ಗುಂಪು. ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ತೂಕ ಕಡಿಮೆ, ಡಿಕ್ಕಿಯಲ್ಲಿ ಹಿಡಿಸುತ್ತದೆ, ಆದ್ದರಿಂದ ಎಸ್‌ಯುವಿಯಲ್ಲಿ ತರಬಹುದು ಅನ್ನುವ ಲೆಕ್ಕ. ಆದರೆ ಪಿಕಪ್‌ನಲ್ಲಿ ಲೋಡಿಗೂ ಜನರಿಗೂ ನಡುವೆ ಒಂದು ಗೋಡೆ ಇದೆ. ಎಸ್‌ಯುವಿಯಲ್ಲಿ ಎಲ್ಲವೂ ಒಂದೇ ಗಾಳಿ. ಕೀಟನಾಶಕದ ಡಬ್ಬ, ಪೆಟ್ರೋಲ್ ತುಂಬಿದ ಮೆಷಿನ್ನು ಹಿಂದಿಟ್ಟುಕೊಂಡು ಎಸಿ ಹಾಕಿ ಮಕ್ಕಳನ್ನು ಕೂರಿಸುವುದು ಒಳ್ಳೆಯದಲ್ಲ. ಗೊಬ್ಬರದ ಪುಡಿ ಕಾರ್ಪೆಟ್ ಕೆಳಗೆ ಸೇರಿ ಮಲೆನಾಡಿನ ತೇವಕ್ಕೆ ಕರಗಿದರೆ ತಗಡು ತುಕ್ಕು ಹಿಡಿಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಾಗಿಲು ತೆಗೆದ ತಕ್ಷಣ ಮೂಗು ಮುಚ್ಚಿಕೊಂಡರೆ ಬೆಲೆ ಅಲ್ಲೇ ಇಳಿಯಿತು.

ಉದ್ದದ್ದು ಮೂರನೆಯದು: ಪೈಪು, ಏಣಿ, ಹಲಗೆ. ಇವು ವರ್ಷಕ್ಕೆ ಕೆಲವೇ ಸಲ. ಮೇಲೆ ಕ್ಯಾರಿಯರ್ ಹಾಕಿ ಒಂದೆರಡು ಏಣಿ ಒಯ್ಯಬಹುದು, ಆದರೆ ಕಾರಿನ ಛಾವಣಿ ಹೊರುವ ಭಾರಕ್ಕೆ ಮಿತಿ ಇದೆ. ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ, ಓದಿ ಹಾಕಿ. ಎಸ್‌ಯುವಿಗೆ ಸಣ್ಣ ಟ್ರೈಲರ್ ಕಟ್ಟುವ ಯೋಚನೆಯೂ ಕೆಲವರಿಗೆ ಬರುತ್ತದೆ. ನಮ್ಮಲ್ಲಿ ಟ್ರೈಲರ್‌ಗೂ ಪ್ರತ್ಯೇಕ ನೋಂದಣಿ ಬೇಕು. ಆ ತಲೆನೋವಿಗಿಂತ ಬಾಡಿಗೆ ಪಿಕಪ್ ಸಾವಿರ ಪಾಲು ಮೇಲು.

ಕೆಲಸದವರನ್ನು ಹಿಂದೆ ಕೂರಿಸಿಕೊಂಡು ಬರುವುದಕ್ಕೆ ಪಿಕಪ್ ಬೇಕೇ ಬೇಕು ಅನ್ನುವವರೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ. ತಿರುವಿನಲ್ಲಿ ಒಬ್ಬರು ಬಿದ್ದರೆ ವಿಮೆ ಕೈಬಿಡುತ್ತದೆ, ಹೊಣೆ ನಿಮ್ಮ ತಲೆ ಮೇಲೆ. ಅದನ್ನು ಪಿಕಪ್‌ನ ಲಾಭದ ಪಟ್ಟಿಗೆ ಸೇರಿಸಬೇಡಿ.

ಕೊನೆಯ ಒಂದು ಕಿಲೋಮೀಟರ್

ಲೋಡು ಬಗೆಹರಿದ ಮೇಲೆ ಎರಡನೇ ಅಳತೆ, ಡಾಂಬರು ಮುಗಿದು ಮನೆಯವರೆಗಿನ ದಾರಿ. ಜುಲೈ ತಿಂಗಳ ದಾರಿಯನ್ನು ನೆನಪಿಸಿಕೊಳ್ಳಿ, ಜನವರಿಯದ್ದನ್ನಲ್ಲ.

ಇಲ್ಲಿ ಒಂದು ತಾಂತ್ರಿಕ ವಿಷಯ ಗೊತ್ತಿರಬೇಕು. ಏರು ಹತ್ತುವಾಗ ಗಾಡಿಯ ಭಾರ ಹಿಂದಿನ ಚಕ್ರಗಳ ಕಡೆ ವಾಲುತ್ತದೆ. ಮುಂದಿನ ಚಕ್ರ ಮಾತ್ರ ಎಳೆಯುವ ಗಾಡಿಗೆ ಆಗಲೇ ಹಿಡಿತ ತಪ್ಪುವುದು. ಒದ್ದೆ ಎಲೆ, ಕೆಮ್ಮಣ್ಣು, ಕಡಿದಾದ ತಿರುವು, ಈ ಮೂರೂ ಸೇರಿದರೆ ಮುಂದಿನ ಚಕ್ರ ಸುಮ್ನೆ ಸುತ್ತುತ್ತದೆ. ಖಾಲಿ ಪಿಕಪ್‌ನ ಹಿಂಬದಿ ಹಗುರ ಇರುವುದರಿಂದ ಟು ವೀಲ್ ಡ್ರೈವ್‌ನಲ್ಲಿ ಅದೂ ಜಾರುತ್ತದೆ, ಆದರೆ ನಿಮ್ಮ ಕೈಗೆ ಫೋರ್ ಲೋ ಇದೆ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನ ವೇಗದಲ್ಲಿ ಹೆಚ್ಚು ಬಲ ಕೊಡುವ ಲೋ ರೇಂಜ್ ಗೇರು. ಮಳೆಗಾಲದಲ್ಲಿ ಆ ಫೋರ್ ಲೋಗೆ ಎಷ್ಟು ಸಲ ಕೈ ಹೋಗುತ್ತದೆ? ಪ್ರತಿ ವಾರ ಹಾಕುತ್ತೀರಾದರೆ ಲೋ ರೇಂಜ್ ಇರುವ ಎಸ್‌ಯುವಿಯನ್ನೇ ನೋಡಿ. "ಒಮ್ಮೆ ಹಾಕಿದ್ದೆ, ಆ ದೊಡ್ಡ ಮಳೆಯ ವರ್ಷ" ಅನ್ನುವವರಾದರೆ ನಾಲ್ಕು ಒಳ್ಳೆಯ ಆಲ್ ಟೆರೇನ್ ಟೈರು ಸಾಕು. ಜಾಹೀರಾತಿನಲ್ಲಿ ತೋರಿಸುವ "ಟೆರೇನ್ ಮೋಡ್" ನಂಬಿ ಮೋಸ ಹೋಗಬೇಡಿ. ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಆ ಮೋಡ್ ಬ್ರೇಕು, ಎಂಜಿನ್ನಿನ ಹದ ಬದಲಿಸುತ್ತದೆ ಅಷ್ಟೇ. ಉಳಿದ ಎರಡು ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ.

ಮೂರನೇ ಅಳತೆ ಮನೆ ಮಂದಿ. ಎಷ್ಟು ಜನ ಅನ್ನುವುದರ ಜೊತೆಗೆ ಯಾರು ಅನ್ನುವುದೂ ಮುಖ್ಯ. ಎಪ್ಪತ್ತು ದಾಟಿದ ಅಮ್ಮ ಹತ್ತಿ ಇಳಿಯಬೇಕು ಅಂದರೆ ಸೀಟಿನ ಎತ್ತರ ನೋಡಿ. ಎತ್ತರದ ಚಾಸಿ ಗಾಡಿಗೆ (ಪಿಕಪ್‌ನ ಹಾಗೆ ಬೇರೆ ಚೌಕಟ್ಟಿನ ಮೇಲೆ ಬಾಡಿ ಕೂರಿಸಿದ್ದು) ಪಾವಟಿಗೆ ಇಲ್ಲದಿದ್ದರೆ ಅವರು ಮನೆಯಲ್ಲೇ ಉಳಿಯುತ್ತಾರೆ.

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಪಿಕಪ್‌ನಿಂದ ಬರುವವರಿಗೆ ಅದೇ ಹೆಚ್ಚು ಕಾಡುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್6 ಎಂಬ ಹೊಗೆ ನಿಯಮ ಬಂತು. ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಸೇರಿತು. ಹೆದ್ದಾರಿಯಲ್ಲಿ ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದರೆ ಆ ಮಸಿ ಸುಟ್ಟು ಹೋಗುತ್ತದೆ. ದಿನಾ ಎರಡು ಕಿಲೋಮೀಟರ್ ಹೋಗಿ ನಿಲ್ಲಿಸುವ ತೋಟದ ಗಾಡಿಯಲ್ಲಿ ಸುಡುವುದೇ ಇಲ್ಲ. ಜಾಲರಿ ಕಟ್ಟಿಕೊಂಡು ದೀಪ ಹತ್ತುತ್ತದೆ, ಎಂಜಿನ್ ಶಕ್ತಿ ಕಡಿಮೆಯಾಗುತ್ತದೆ, ಕೊನೆಗೆ ವರ್ಕ್‌ಶಾಪ್. 2016-19ರ ವಿ-ಕ್ರಾಸ್ ಓಡಿಸಿದವರಿಗೆ ಈ ಕಾಟವೇ ಗೊತ್ತಿಲ್ಲ. ಅವರು ಹೊಸ ಡೀಸೆಲ್ ಎಸ್‌ಯುವಿಯನ್ನು ಹಳೇ ಅಭ್ಯಾಸದಲ್ಲೇ ಓಡಿಸುತ್ತಾರೆ, ಆಮೇಲೆ ಗಾಡಿಯನ್ನು ಬೈಯುತ್ತಾರೆ. ಜೊತೆಗೆ ಈಗಿನ ಹಲವು ಡೀಸೆಲ್‌ಗಳಿಗೆ ಹೊಗೆಯ ಮಾಲಿನ್ಯ ತಗ್ಗಿಸುವ ಆಡ್‌ಬ್ಲೂ ದ್ರವವೂ ತುಂಬಬೇಕು. ತೋಟದೊಳಗಿನ ಓಡಾಟವೇ ಜಾಸ್ತಿ ಇದ್ದರೆ ಪೆಟ್ರೋಲ್ ಬಗ್ಗೆ ನಿಜವಾಗಿ ಯೋಚಿಸಿ. ವಾರಕ್ಕೊಮ್ಮೆ ಹಾಸನವೋ ಮೈಸೂರೋ ಇದ್ದರೆ ಡೀಸೆಲ್ ಹೆದರಿಕೆ ಬೇಡ.

ಇನ್ನೊಂದು ಸರ್ವಿಸ್. ಇಸುಜು ಇಟ್ಟುಕೊಂಡವರಿಗೆ ಷೋರೂಂ ದೂರ ಇರುವುದು ಅಂದರೆ ಏನು ಅಂತ ನಾನು ಹೇಳಬೇಕಿಲ್ಲ. ಮಹೀಂದ್ರ, ಟಾಟಾ, ಮಾರುತಿ, ಟೊಯೋಟಾ ಇವುಗಳಲ್ಲಿ ಆ ದೂರ ಕಡಿಮೆಯಾಗುತ್ತದೆ.

ಇನ್ನು ಗಾಡಿಗಳು

ಒಂದು ಗೊಂದಲ ಮೊದಲೇ ಬಿಡಿಸುತ್ತೇನೆ. ಕಂಪನಿಯವರು ನಮ್ಮಲ್ಲಿ ಮಿಡ್‌ಸೈಜ್ ಅಂತ ಕರೆಯುವುದು ಕ್ರೆಟಾ, ಗ್ರ್ಯಾಂಡ್ ವಿಟಾರಾ ಅಳತೆಯವನ್ನು, ಅಂದರೆ 4.3 ಮೀಟರ್ ಆಸುಪಾಸು. ಪಿಕಪ್‌ನಿಂದ ಇಳಿಯುವವರ ಕಣ್ಣು ಇರುವುದು ಅದಕ್ಕಿಂತ ಮೇಲಿನ ಸ್ಕಾರ್ಪಿಯೋ-ಎನ್, ಹ್ಯಾರಿಯರ್, ಸಫಾರಿ ಮೇಲೆ. ನಾನು ಎರಡನ್ನೂ ಸೇರಿಸಿಕೊಂಡಿದ್ದೇನೆ, ಯಾಕಂದರೆ ಸಣ್ಣದು ಸಾಕಾಗುವ ಮನೆಗಳೂ ಇವೆ.

ಸ್ಕಾರ್ಪಿಯೋ-ಎನ್ ಡೀಸೆಲ್ ಫೋರ್ ಬೈ ಫೋರ್. ಪಿಕಪ್‌ನವರ ಮನಸ್ಸಿಗೆ ಅತಿ ಹತ್ತಿರದ್ದು ಇದೇ. ಚಾಸಿ ಮೇಲೆ ಕೂತ ಗಾಡಿ, ಹಿಂದಿನ ಚಕ್ರದ ಎಳೆತ, ಲೋ ರೇಂಜ್ ಇದೆ. 2.2 ಲೀಟರ್ ಎಂಜಿನ್, 175 ಪಿಎಸ್. ಟಾರ್ಕ್ (ಎಳೆಯುವ ಬಲ) ಮ್ಯಾನ್ಯುಯಲ್‌ನಲ್ಲಿ 370, ಆಟೋಮ್ಯಾಟಿಕ್‌ನಲ್ಲಿ 400 ನ್ಯೂಟನ್ ಮೀಟರ್. ಹಳೇ 2.5 ಲೀಟರ್ ವಿ-ಕ್ರಾಸ್‌ನ 134 ಪಿಎಸ್, 320 ನ್ಯೂಟನ್ ಮೀಟರ್‌ನಿಂದ ಬಂದವರಿಗೆ ಮೊದಲ ಓವರ್‌ಟೇಕ್‌ನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಹಿಂದೆ ಲೀಫ್ ಸ್ಪ್ರಿಂಗ್ ಬದಲು ಕಾಯಿಲ್ ಸ್ಪ್ರಿಂಗ್. ಖಾಲಿ ಇದ್ದಾಗಲೂ ಕುಣಿಯುವುದು ಬಹಳ ಕಡಿಮೆ.

ಅಳತೆಯಲ್ಲಿ ಒಂದು ತಮಾಷೆ ಇದೆ. ವಿ-ಕ್ರಾಸ್ ಉದ್ದ 5.3 ಮೀಟರ್, ಸ್ಕಾರ್ಪಿಯೋ-ಎನ್ 4,662 ಮಿ.ಮೀ. ಅರವತ್ತು ಸೆಂಟಿಮೀಟರ್‌ಗೂ ಹೆಚ್ಚು ಉಳಿಯಿತು. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ 5 ಮೀಟರ್ ಪಾರ್ಕಿಂಗ್ ಗೆರೆಯಾಚೆ ಮೂತಿ ಚಾಚಿ ಬೈಸಿಕೊಳ್ಳುವುದು ತಪ್ಪುತ್ತದೆ. ಚಕ್ರಗಳ ನಡುವಿನ ಅಂತರ 3,095ರಿಂದ 2,750ಕ್ಕೆ ಇಳಿಯುವುದರಿಂದ ಆಗುಂಬೆಯಂಥ ಹದಿನಾಲ್ಕು ತಿರುವಿನ ಘಾಟಿಯಲ್ಲಿ ಒಂದೇ ಸಲಕ್ಕೆ ತಿರುಗಿಸಬಹುದು. ಆದರೆ ಅಗಲ 1,917 ಮಿ.ಮೀ., ವಿ-ಕ್ರಾಸ್‌ಗಿಂತ ಜಾಸ್ತಿ! ನಿಮ್ಮ ತೋಟದ ಗೇಟಿನ ಕಂಬ, ದಾರಿಯ ಮೋರಿ ಪಿಕಪ್‌ಗೆ ಬಿಗಿಯಾಗಿದ್ದರೆ ಟೇಪ್ ಹಿಡಿದು ಅಳೆಯಿರಿ.

ಇದರ ದೊಡ್ಡ ಕೊರತೆ ಡಿಕ್ಕಿ. ಮೂರನೇ ಸಾಲು ಎತ್ತಿದ್ದರೆ ಹಿಂದೆ ಎರಡು ಬ್ಯಾಗಿಗೂ ಕಷ್ಟ. ಮಡಚಿ ಮುಂದಕ್ಕೆ ಉರುಳಿಸಿದರೂ ಸಮತಟ್ಟಾದ ನೆಲ ಸಿಗುವುದಿಲ್ಲ. ಹಿಂದಿನ ಬಾಗಿಲು ಪಕ್ಕಕ್ಕೆ ತೆರೆಯುವುದರಿಂದ ಗೋಡೆಗೆ ಒತ್ತಿ ನಿಲ್ಲಿಸಿದರೆ ಸಾಮಾನು ತೆಗೆಯಲು ಆಗದು. ಪೆಟ್ರೋಲ್ ಎಂಜಿನ್ ಚೆನ್ನಾಗಿದೆ, ಆದರೆ ಅದರಲ್ಲಿ ಫೋರ್ ಬೈ ಫೋರ್ ಇಲ್ಲ. ಮೇಲೆ ಹೇಳಿದ ಡಿಪಿಎಫ್ ಸಂಕಟಕ್ಕೆ ಇಲ್ಲಿ ತಪ್ಪಿಸಿಕೊಳ್ಳುವ ದಾರಿ ಇಲ್ಲ. 2022ರ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಸುರಕ್ಷತೆ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ 5 ಸ್ಟಾರ್, ಮಕ್ಕಳ ರಕ್ಷಣೆಗೆ 3 ಸ್ಟಾರ್.

ಥಾರ್ ರಾಕ್ಸ್. 2024ರ ಆಗಸ್ಟ್‌ನಲ್ಲಿ ಬಂದ ಐದು ಬಾಗಿಲಿನ ಥಾರ್. ಕೆಸರಿನ ದಾರಿಗೆ ಇಲ್ಲಿರುವ ಎಲ್ಲಕ್ಕಿಂತ ಇದೇ ಗಟ್ಟಿ. ಮುಂದಿನ ಮೂತಿ ಗಿಡ್ಡ, ಏರಿಗೆ ಎದುರಾಗುವ ಕೋನ 41 ಡಿಗ್ರಿಗೂ ಹೆಚ್ಚು, 650 ಮಿ.ಮೀ. ನೀರಿನಲ್ಲಿ ಇಳಿಯಬಹುದು ಅಂತ ಕಂಪನಿಯೇ ಹೇಳುತ್ತದೆ. ಐದೇ ಸೀಟು, ಆದ್ದರಿಂದ ಡಿಕ್ಕಿ ಮಾತ್ರ ಲೆಕ್ಕಕ್ಕೆ ಸಿಗುತ್ತದೆ, 447 ಲೀಟರ್. ಎತ್ತರಕ್ಕೆ ಪೇರಿಸಿದರೆ ಇನ್ನೂ ಹಿಡಿಸುತ್ತದೆ. ಇದರಲ್ಲೂ ಫೋರ್ ಬೈ ಫೋರ್ ಡೀಸೆಲ್‌ಗೆ ಮಾತ್ರ.

ಹದಗೆಟ್ಟ ರಸ್ತೆಯಲ್ಲಿ ಸ್ಕಾರ್ಪಿಯೋ-ಎನ್‌ಗಿಂತ ಸ್ವಲ್ಪ ಅಲುಗಾಡುತ್ತದೆ. ಪಿಕಪ್‌ನವರಿಗೆ ಅದು ಗೊತ್ತೂ ಆಗುವುದಿಲ್ಲ, ಆದರೆ ಗಾಡಿ ಬದಲಿಸುತ್ತಿರುವುದೇ ಹಿಂದಿನ ಸೀಟಿನವರಿಗಾಗಿ ಅಲ್ವಾ? ಅವರನ್ನು ಕೂರಿಸಿಯೇ ಟೆಸ್ಟ್ ಡ್ರೈವ್ ಮಾಡಿ. ಮೊದಲು ಬಂದಾಗ ಒಳಗೆಲ್ಲ ಬಿಳಿ ಸೀಟು. ಕೆಮ್ಮಣ್ಣಿನ ಊರಿಗೆ ಬಿಳಿ ಸೀಟು ಕೊಡುವವರಿಗೆ ಏನು ಹೇಳೋದು! ಜನ ಗೊಣಗಿದ ಮೇಲೆ ಫೋರ್ ಬೈ ಫೋರ್‌ನಲ್ಲಿ ಕಂದು ಬಣ್ಣವೂ ಬಂತು, ಅದನ್ನೇ ಕೇಳಿ. ಭಾರತ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರಿಗೂ ಮಕ್ಕಳಿಗೂ 5 ಸ್ಟಾರ್.

ಹ್ಯಾರಿಯರ್, ಸಫಾರಿ. ಇವೆರಡೂ ಒಂದೇ ಗಾಡಿಯ ಐದು ಸೀಟಿನ ಮತ್ತು ಮೂರು ಸಾಲಿನ ರೂಪ. ಲ್ಯಾಂಡ್ ರೋವರ್ ತಳಹದಿಯಿಂದ ಬಂದದ್ದು ಅಂತ ಮಾರುವವರು ಹೇಳುತ್ತಾರೆ, ಅದು ನಿಜವೇ. ಆದರೆ ಡೀಸೆಲ್‌ನಲ್ಲಿ ಮುಂದಿನ ಚಕ್ರದ ಎಳೆತ ಮಾತ್ರ. 2 ಲೀಟರ್ ಎಂಜಿನ್, 170 ಪಿಎಸ್, 350 ನ್ಯೂಟನ್ ಮೀಟರ್. ಹೆದ್ದಾರಿಯಲ್ಲಿ ಗಾಡಿ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100ರಲ್ಲಿ ಹಿಡಿದರೆ ಹಿಂದೆ ಕೂತವರು ನಿದ್ದೆ ಹೋಗುತ್ತಾರೆ. ಹೊಂಡ ಗುಂಡಿಗಳನ್ನೂ ಚೆನ್ನಾಗಿ ನುಂಗುತ್ತದೆ. 2023ರ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಎರಡಕ್ಕೂ ದೊಡ್ಡವರ, ಮಕ್ಕಳ ರಕ್ಷಣೆ ಎರಡರಲ್ಲೂ 5 ಸ್ಟಾರ್. ಮೂರನೇ ಸಾಲು ನಿಜವಾಗಿ ಬೇಕಾದವರಿಗೆ ಸಫಾರಿಯದ್ದು ಸ್ಕಾರ್ಪಿಯೋ-ಎನ್‌ಗಿಂತ ವಾಸಿ.

ಮನೆ ತನಕ ಡಾಂಬರೋ ಕಾಂಕ್ರೀಟೋ ಇದೆಯಾ? ಹಾಗಾದರೆ ನನ್ನ ಮಟ್ಟಿಗೆ ಸಂಸಾರಸ್ಥರಿಗೆ ಇದೇ ಸರಿ. ಕಡಿದಾದ ಮಣ್ಣಿನ ಏರಿದ್ದರೆ ಬೇಡ. 2025ರಲ್ಲಿ ಬಂದ ಹ್ಯಾರಿಯರ್ ಇವಿಯಲ್ಲಿ ಹಿಂದೆ ಮುಂದೆ ಎರಡೂ ಮೋಟರ್ ಇರುವ ರೂಪ ಇದೆ, ನಾಲ್ಕೂ ಚಕ್ರ ಎಳೆಯುತ್ತವೆ. ಡಿಪಿಎಫ್ ಗೋಳೂ ಇಲ್ಲ. ಆದರೆ ಮಳೆಗಾಲದಲ್ಲಿ ನಿಮ್ಮೂರಲ್ಲಿ ಕರೆಂಟು ಎಷ್ಟು ದಿನ ಇರುವುದಿಲ್ಲ ಅಂತ ನಿಮಗೇ ಗೊತ್ತು.

ಇನೋವಾ ಕ್ರಿಸ್ಟಾ. ಎಸ್‌ಯುವಿ ಅಲ್ಲ, ಆದರೂ ಪಟ್ಟಿಯಲ್ಲಿ ಇರಲೇಬೇಕು. ಹೈಲಕ್ಸ್, ಫಾರ್ಚುನರ್ ಜೊತೆಯವನೇ. ಚಾಸಿ ಗಾಡಿ, ಹಿಂದಿನ ಚಕ್ರದ ಎಳೆತ, 2.4 ಲೀಟರ್ ಡೀಸೆಲ್, 150 ಪಿಎಸ್, ಮ್ಯಾನ್ಯುಯಲ್ ಗೇರ್ ಮಾತ್ರ. ಏಳು ಜನ ನಿಜವಾಗಿ ಕೂರುವುದು ಇದರಲ್ಲೇ, ಕೊನೆಯ ಸಾಲಿನ ಹಿಂದೆಯೂ ಬ್ಯಾಗು ಹಿಡಿಸುತ್ತದೆ. ವಯಸ್ಸಾದವರಿಗೆ ಹತ್ತಿ ಇಳಿಯಲು ಸುಲಭ. ಮರುಮಾರಾಟದ ಬೆಲೆ ಎಲ್ಲರಿಗೂ ಗೊತ್ತು. ಫೋರ್ ಬೈ ಫೋರ್ ಇಲ್ಲ, ಅಷ್ಟೇ. ಮನೆಯವರು ಒಪ್ಪುತ್ತಾರೆ, ಓಡಿಸುವವರು ಒಪ್ಪುವುದಿಲ್ಲ!

ಗ್ರ್ಯಾಂಡ್ ವಿಟಾರಾ, ಹೈರೈಡರ್ ಎಡಬ್ಲ್ಯುಡಿ (ಆಲ್ ವೀಲ್ ಡ್ರೈವ್). ಇವನ್ನು ತೋಟದವರು ನೋಡದೆ ಬಿಡುತ್ತಾರೆ, ಅದು ಸರಿಯಲ್ಲ. 1.5 ಲೀಟರ್ ಪೆಟ್ರೋಲ್, 103 ಪಿಎಸ್. ಶಕ್ತಿ ಸಾಧಾರಣ. ಐದು ಜನ ತುಂಬಿ ಚಾರ್ಮಾಡಿ ಹತ್ತುವಾಗ ಎಂಜಿನ್ ಕೂಗುತ್ತದೆ. ಲೋ ರೇಂಜ್ ಇಲ್ಲ. ಆದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ, ಗಾಡಿ ಹಗುರ, ಪೆಟ್ರೋಲ್ ಆದ್ದರಿಂದ ಸಣ್ಣ ಓಡಾಟಕ್ಕೆ ಹೆದರಿಕೆಯಿಲ್ಲ, ಸರ್ವಿಸ್ ಖರ್ಚು ಕಡಿಮೆ. ಜಾರುವ ದಾರಿ, ಕಡಿದಲ್ಲದ ಏರು, ನಾಲ್ಕು ಜನರ ಸಂಸಾರ ಅಂದರೆ ಇದು ಧಾರಾಳ. ಇದೇ ಗಾಡಿಯ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟರ್ ಇರುವುದು) ಮೈಲೇಜಿಗೆ ಹೆಸರಾದದ್ದು, ಅದರಲ್ಲಿ ಎಡಬ್ಲ್ಯುಡಿ ಇಲ್ಲ, ಬ್ಯಾಟರಿ ಡಿಕ್ಕಿಯ ಜಾಗವನ್ನೂ ತಿನ್ನುತ್ತದೆ. ಷೋರೂಂನಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಬೇರೆ ಬೇರೆ ಅಂತ ನೆನಪಿಡಿ.

ಕ್ರೆಟಾ ಡೀಸೆಲ್ ಊರಿನ, ಹೆದ್ದಾರಿಯ ಗಾಡಿ. 116 ಪಿಎಸ್, ಒಳ್ಳೆಯ ಮೈಲೇಜು, ಅಗಲ 1,790 ಮಿ.ಮೀ. ಪೇಟೆಯಲ್ಲಿ ಮನೆ ಮಾಡಿಕೊಂಡು ತೋಟಕ್ಕೆ ವಾರಕ್ಕೊಮ್ಮೆ ಬರುವವರಿಗೆ ಸಾಕು. ಫಾರ್ಚುನರ್ ಬಗ್ಗೆ ಕೇಳಬೇಡಿ. ಹೈಲಕ್ಸ್‌ನ ಅದೇ 2.8 ಲೀಟರ್, 204 ಪಿಎಸ್ ಎಂಜಿನ್, ಅದೇ ಗಟ್ಟಿತನ, ಬೆಲೆ ಮಾತ್ರ ಮಿಡ್‌ಸೈಜ್ ಗಡಿ ದಾಟಿ ಎಲ್ಲೋ ಹೋಗಿದೆ. ಹಣ ಇದ್ದವರಿಗೆ ನನ್ನ ಮಾತು ಬೇಕಿಲ್ಲ.

ದುಡ್ಡಿನ ಮಾತು

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲಿನ ಜಿಎಸ್‌ಟಿ ಮತ್ತು ಸೆಸ್ ಸೇರಿ 50 ಪರ್ಸೆಂಟ್ ಇದ್ದದ್ದು 40ಕ್ಕೆ ಇಳಿಯಿತು. ಅದು ಷೋರೂಂ ಬೆಲೆಯಲ್ಲೇ ಸೇರಿರುತ್ತದೆ. ಜನ ಬೆಚ್ಚಿಬೀಳುವುದು ಕರ್ನಾಟಕದ ಆಜೀವ ರಸ್ತೆ ತೆರಿಗೆ ನೋಡಿ. 10ರಿಂದ 20 ಲಕ್ಷದ ಗಾಡಿಗೆ 17 ಪರ್ಸೆಂಟ್, 20 ಲಕ್ಷ ದಾಟಿದರೆ 18. ಆ ತೆರಿಗೆಯ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ಲೆಕ್ಕ ಹಾಕಿ ನೋಡಿ: 19.5 ಲಕ್ಷದ ಗಾಡಿಗೆ ಸುಮಾರು 3.68 ಲಕ್ಷ, 21 ಲಕ್ಷದ ಗಾಡಿಗೆ ಸುಮಾರು 4.2 ಲಕ್ಷ. ಷೋರೂಂನಲ್ಲಿ ಒಂದೂವರೆ ಲಕ್ಷದ ವ್ಯತ್ಯಾಸ, ರಸ್ತೆಗೆ ಬರುವಾಗ ಎರಡು ಲಕ್ಷ ಆಯಿತು. ಸನ್‌ರೂಫ್‌ಗಾಗಿ 20 ಲಕ್ಷದ ಗೆರೆ ದಾಟುವ ಮೊದಲು ಯೋಚಿಸಿ. ಮಲೆನಾಡಿನ ಮಳೆಗೆ ಸನ್‌ರೂಫ್ ಯಾವಾಗ ತೆಗೆಯುತ್ತೀರಿ?

ಹೋಂಸ್ಟೇ, ಕಾಫಿ ಪುಡಿ ವ್ಯಾಪಾರ ಅಂತ ಜಿಎಸ್‌ಟಿ ನೋಂದಣಿ ಇರುವವರಿಗೆ ಇನ್ನೊಂದು ವಿಷಯ. ಸರಕು ಸಾಗಣೆಯ ಗಾಡಿ ಕೊಂಡರೆ ಕಟ್ಟಿದ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಲು ಅವಕಾಶ ಇದೆ. ಮಂದಿ ಕೂರುವ ಸ್ವಂತ ಕಾರಿಗೆ ಇಲ್ಲ. ನಿಮ್ಮ ಆಡಿಟರ್‌ನ ಒಂದು ಮಾತು ಕೇಳಿ, ಯಾಕಂದರೆ ಹೊಸ ಸರಕು ಗಾಡಿ ಕೊಳ್ಳುವುದಾದರೆ ಇದು ಮುಂದೆ ಹೇಳುವ ದಾರಿಯನ್ನು ಇನ್ನೂ ಆಕರ್ಷಕ ಮಾಡುತ್ತದೆ.

ಎರಡು ಗಾಡಿಯ ದಾರಿ

ಕೇಳಿದವರಲ್ಲಿ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. 25 ಲಕ್ಷದ ಒಂದೇ ಗಾಡಿಯಿಂದ ಎಲ್ಲ ಕೆಲಸ ಮಾಡಿಸುವ ಬದಲು, ಒಂದು ಹಳೇ ಬೊಲೆರೊ ಪಿಕಪ್ ಅಥವಾ ಕ್ಯಾಂಪರ್ ಮತ್ತು ಮನೆಗೆ ಒಂದು ಗ್ರ್ಯಾಂಡ್ ವಿಟಾರಾ, ಕ್ರೆಟಾ ಮಟ್ಟದ್ದು. ಕ್ಯಾಂಪರ್‌ನಲ್ಲಿ ಎರಡು ಸಾಲು ಸೀಟು ಇರುವುದರಿಂದ ಕೆಲಸದವರನ್ನು ಕಾನೂನಿನ ಪ್ರಕಾರವೇ ಕೂರಿಸಬಹುದು. ಪ್ರತಿ ಊರಲ್ಲೂ ಬೊಲೆರೊ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಇದ್ದಾನೆ. ಗೀರು ಬಿದ್ದರೆ ಹೊಟ್ಟೆ ಉರಿಯುವುದಿಲ್ಲ.

ಬೆಲೆ ತೆರಬೇಕಾದ್ದೂ ಇದೆ. ಹಳದಿ ಬೋರ್ಡ್ ಆದ್ದರಿಂದ ಎಫ್‌ಸಿ ಮಾಡಿಸುತ್ತಿರಬೇಕು, ಟೋಲ್ ಜಾಸ್ತಿ, ವಿಮೆ ಎರಡೆರಡು. ನಿಲ್ಲಿಸಲು ಶೆಡ್ ಬೇಕು, ಓಡಿಸಲು ನಂಬಿಕೆಯ ಒಬ್ಬರು ಬೇಕು. ಐದಾರು ಎಕರೆಯವರಿಗೆ ಇದು ಹೊರೆ. ಅವರು ಬಾಡಿಗೆ ಪಿಕಪ್ ನಂಬುವುದೇ ಲೇಸು. ಇಪ್ಪತ್ತು ಎಕರೆಗಿಂತ ಮೇಲಿದ್ದರೆ ಈ ದಾರಿಯಲ್ಲಿ ಸುಖ ಇದೆ.

ಇನ್ನೂ ಒಂದು ದಾರಿ ಇದೆ, ಏನೂ ಕೊಳ್ಳದೇ ಇರುವುದು. ನಿಮ್ಮ ತಕರಾರು ಬರೀ ಹಿಂದಿನ ಕುಣಿತ ಮತ್ತು ಸಾಮಾನು ನೆನೆಯುವುದು ಆಗಿದ್ದರೆ, ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿಸಿ, ಹಿಂಬದಿಗೆ ಮುಚ್ಚಳ ಹಾಕಿಸಿ, ಟೈರಿನ ಗಾಳಿ ಖಾಲಿ ಗಾಡಿಗೆ ಹೇಳಿದಷ್ಟೇ ಇಡಿ. ಲೋಡಿನ ಲೆಕ್ಕದ ಗಾಳಿಯಲ್ಲೇ ವರ್ಷವಿಡೀ ಓಡಿಸಿ "ಕುಣಿಯುತ್ತೆ" ಅನ್ನುವವರನ್ನು ನಾನು ತುಂಬಾ ನೋಡಿದ್ದೇನೆ. ಹಿಂದಿನ ಸೀಟಿನ ಬೆನ್ನು ನೆಟ್ಟಗಿರುವುದನ್ನು ಮಾತ್ರ ಸರಿ ಮಾಡಲು ಆಗುವುದಿಲ್ಲ. ಹಿರಿಯರಿಗೆ ಅದೇ ತೊಂದರೆ ಆಗಿದ್ದರೆ ಬದಲಿಸಲೇಬೇಕು.

ಯಾರಿಗೆ ಯಾವುದು

ಕಡಿದಾದ ಮಣ್ಣಿನ ದಾರಿ, ಜನ ಐದರೊಳಗೆ: ಥಾರ್ ರಾಕ್ಸ್. ಅದೇ ದಾರಿ, ಆಗಾಗ ಆರೇಳು ಜನ: ಸ್ಕಾರ್ಪಿಯೋ-ಎನ್ ಫೋರ್ ಬೈ ಫೋರ್, ಡಿಕ್ಕಿ ಮರೆತು. ಒಳ್ಳೆಯ ದಾರಿ, ಮಕ್ಕಳು, ದೂರದ ಪ್ರಯಾಣ: ಹ್ಯಾರಿಯರ್ ಅಥವಾ ಸಫಾರಿ. ಒಳ್ಳೆಯ ದಾರಿ, ಅಜ್ಜ ಅಜ್ಜಿ ಸೇರಿ ತುಂಬಿದ ಮನೆ: ಇನೋವಾ. ಓಡಾಟ ಕಡಿಮೆ, ಮಳೆಗಾಲದಲ್ಲಿ ಸ್ವಲ್ಪ ಜಾರು: ಗ್ರ್ಯಾಂಡ್ ವಿಟಾರಾ ಅಥವಾ ಹೈರೈಡರ್ ಎಡಬ್ಲ್ಯುಡಿ. ಎರಡರ ನಡುವೆ ತೂಗಾಡುತ್ತಿದ್ದರೆ ಷೋರೂಂನವರು ತೋರಿಸುವ ನುಣುಪು ರಸ್ತೆ ಬಿಟ್ಟು, ಗಾಡಿಯನ್ನು ನಿಮ್ಮ ಮನೆಗೇ ತರಿಸಿ. ಗೇಟಿನೊಳಗೆ ತಿರುಗಿಸಿ, ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ. ಅಮ್ಮನನ್ನು ಹತ್ತಿಸಿ ಇಳಿಸಿ. ತರಲು ಒಪ್ಪದ ಷೋರೂಂ ಇದ್ದರೆ ಪಕ್ಕದ ಊರಿನದ್ದನ್ನು ಕೇಳಿ.

ಪಿಕಪ್ ಮಾರುವುದು ಅಂತ ಆದರೆ ಮಳೆಗಾಲಕ್ಕೆ ಮುಂಚೆ ಮಾರಿ, ಫೋರ್ ಬೈ ಫೋರ್‌ಗೆ ಆಗ ಗಿರಾಕಿ ಜಾಸ್ತಿ. ದೊಡ್ಡ ಟೈರು, ಕಬ್ಬಿಣದ ಬಂಪರ್ ಹಾಕಿಸಿದ್ದರೆ ತೆಗೆದು ಮೂಲದ್ದನ್ನೇ ಕೂರಿಸಿ, ಹೆಸರು ವರ್ಗಾವಣೆಗೆ ತಕರಾರು ಬರುವುದಿಲ್ಲ. ನೋ ಕ್ಲೇಮ್ ಬೋನಸ್ ನಿಮ್ಮ ಹೆಸರಿನದ್ದು, ಗಾಡಿಯದ್ದಲ್ಲ. ಪಿಕಪ್ ಬಿಳಿ ಬೋರ್ಡ್ ಆಗಿದ್ದರೆ ವಿಮೆ ಕಂಪನಿಯಿಂದ ಪತ್ರ ಪಡೆದು ಹೊಸ ಎಸ್‌ಯುವಿಗೆ ಹಾಕಿಸಿಕೊಳ್ಳಿ, ಸ್ವಂತ ಹಾನಿಯ ಪ್ರೀಮಿಯಂನಲ್ಲಿ 50 ಪರ್ಸೆಂಟ್ ತನಕ ಉಳಿಯುತ್ತದೆ. ಆರ್‌ಸಿ ಹೊಸಬರ ಹೆಸರಿಗೆ ಆಗುವ ತನಕ ಫಾರಂ 29, 30ರ ಪ್ರತಿ ಇಟ್ಟುಕೊಳ್ಳಿ. ಫಾಸ್ಟ್ಯಾಗ್ ಅನ್ನು ಕೀ ಕೊಡುವ ದಿನವೇ ಮುಚ್ಚಿಸಿ. ಇಲ್ಲದಿದ್ದರೆ ಕೊಂಡವರು ಕೇರಳಕ್ಕೆ ಹೋಗಿ ಬಂದ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತದೆ.